ಬಿಕಾಸ್ ಹೇಳಿ ನಿಲ್ಲಬೇಡಿ, ಅದಕ್ಕಿಂತ ಮೊದಲೇ ನಿಲ್ಲಿ

ಕಳೆದ ವರ್ಷ ಕುಂಬಳೆ ಕಡೆಯ ಒಬ್ಬಳು ನರ್ಸ್ ನನ್ನ ಸ್ಪೋಕನ್ ಇಂಗ್ಲಿಷ್ ಕ್ಲಾಸಿಗೆ ಬಂದಿದ್ದಳು. ಮಂಗಳೂರಲ್ಲಿ ಕೆಲಸ, ವಿದೇಶಕ್ಕೆ ಹೋಗುವವರು ಬರೆಯುವ ಇಂಗ್ಲಿಷ್ ಪರೀಕ್ಷೆ ಐಇಎಲ್‌ಟಿಎಸ್ ಬರೀಲಿಕ್ಕುಂಟು, ಗ್ರಾಮರ್ ಚೆನ್ನಾಗಿಯೇ ಉಂಟು, ಶಬ್ದಗಳೂ ಬೇಕಾದಷ್ಟು ಗೊತ್ತುಂಟು, ಆದ್ರೆ "ನಾನು ಮಾತಾಡಿದ್ರೆ ಎದುರಿನವರು ಎರಡೆರಡು ಸಲ ಎಂತ ಎಂತ ಅಂತ ಕೇಳ್ತಾರೆ ಟೀಚರೇ" ಅಂತ ಅವಳ ಬೇಸರ. ಸರಿ, ನಿನ್ನ ಬಗ್ಗೆ ಒಂದು ನಿಮಿಷ ಮಾತಾಡು ಅಂದೆ, ಮೊಬೈಲಲ್ಲಿ ರೆಕಾರ್ಡ್ ಮಾಡಿದೆ. ಅದರಲ್ಲಿ ಕೇಳಿದ್ದು ಹೀಗೆ: "ಐ ಆಮ್ ವರ್ಕಿಂಗ್ ಇನ್ / ಎ ಬಿಗ್ ಹಾಸ್ಪಿಟಲ್ ಆಂಡ್ / ಐ ವಾಂಟ್ ಟು / ಗೋ ಅಬ್ರಾಡ್ ಬಿಕಾಸ್ / ಮೈ ಸಿಸ್ಟರ್ ಈಸ್ ಆಲ್ಸೋ ದೇರ್." ಗೆರೆ ಹಾಕಿದಲ್ಲೆಲ್ಲ ಅವಳು ನಿಂತದ್ದು.

ಒಂದೇ ಒಂದು ಗ್ರಾಮರ್ ತಪ್ಪಿಲ್ಲ ನೋಡಿ. ಆದ್ರೂ ಕೇಳುವವರಿಗೆ ಕಷ್ಟ ಆಗ್ತದೆ. ಹದಿನಾರು ವರ್ಷದಿಂದ ಕಾಸರಗೋಡು ಜಿಲ್ಲೆಯ ಬದಿಯಡ್ಕದಲ್ಲಿ ಕ್ಲಾಸ್ ಮಾಡ್ತಿದ್ದೇನೆ, ನಮ್ಮ ಊರಿನ ನೂರಾರು ಮಂದಿ ಇದೇ ರೀತಿ, ಇದೇ ಜಾಗದಲ್ಲಿ ನಿಲ್ಲುವುದನ್ನು ಕೇಳಿದ್ದೇನೆ, ಅದು ಅವರ ದಡ್ಡತನ ಅಲ್ಲವೇ ಅಲ್ಲ, ಅವರ ನಾಲಗೆ ಮನೆಯ ಭಾಷೆಯ ಲೆಕ್ಕದಲ್ಲಿ ಸರಿಯಾಗಿಯೇ ನಿಲ್ತಾ ಉಂಟು.

ಹೇಗೆ ಅಂದ್ರೆ, ಕನ್ನಡದಲ್ಲಿ ಸಂಬಂಧ ಹೇಳುವ ಸಣ್ಣ ತುಂಡುಗಳು ಹೆಚ್ಚಾಗಿ ಶಬ್ದದ ಹಿಂದೆ ಬರ್ತವೆ. ಆಸ್ಪತ್ರೆಯಲ್ಲಿ, ಪೇಟೆಗೆ, ಅಕ್ಕನಿಂದ. "ಅಕ್ಕ ಅಲ್ಲೇ ಇರೋದ್ರಿಂದ" ಅಂತ ಹೇಳಿ ನಾವು ಸ್ವಲ್ಪ ನಿಲ್ತೇವೆ, "ನಾಳೆ ಬರ್ತೇನೆ ಅಂತ" ಹೇಳಿ ನಿಲ್ತೇವೆ, ಆಮೇಲೆ "ಹೇಳಿದ" ಬರ್ತದೆ. ಇಂದ, ಅಂತ, ಅಲ್ಲಿ ಇವೆಲ್ಲ ಒಂದು ಗುಂಪನ್ನು ಮುಗಿಸುವ ಬಾಲ. ತುಳುವಿನಲ್ಲಿ ಇಲ್ಲಡ್ ಅಂದ್ರೂ ಮಲಯಾಳದಲ್ಲಿ ವೀಟ್ಟಿಲ್ ಅಂದ್ರೂ ಕೊಂಕಣಿಯಲ್ಲಿ ಘರಾಂತ್ ಅಂದ್ರೂ ಇದೇ ಕಥೆ, ಕಾಸರಗೋಡಿನವರು ಮನೆಯಲ್ಲಿ ಒಂದು ಬಸ್ಸಲ್ಲಿ ಒಂದು ಅಂಗಡಿಯಲ್ಲಿ ಇನ್ನೊಂದು ಅಂತ ನಾಲ್ಕು ಭಾಷೆ ಮಾತಾಡಿದ್ರೂ ಬಾಲ ಹಿಂದೆಯೇ ಇರ್ತದೆ.

ಇಂಗ್ಲಿಷಲ್ಲಿ ಇದು ಉಲ್ಟಾ. ಇನ್, ಟು, ಆಂಡ್, ದ್ಯಾಟ್, ಬಿಕಾಸ್ ಇವೆಲ್ಲ ಮುಂದಿನ ಗುಂಪನ್ನು ಎಳ್ಕೊಂಡು ಬರುವ ಮೂಗುದಾರ. ಹಗ್ಗ ಎಳೆದು ಎತ್ತನ್ನು ಅಲ್ಲೇ ಬಿಟ್ರೆ ಹೇಗೆ? ಹಾಗಾಗಿ ಅವಳಿಗೆ ನಾನು ಹೇಳಿದ್ದು ಒಂದೇ ವಿಷಯ, ಸಣ್ಣ ಶಬ್ದ ಹೇಳಿ ನಿಲ್ಲಬೇಡ, ಅದಕ್ಕಿಂತ ಮೊದಲೇ ನಿಲ್ಲು. "ಐ ಆಮ್ ವರ್ಕಿಂಗ್ / ಇನ್ ಎ ಬಿಗ್ ಹಾಸ್ಪಿಟಲ್ / ಆಂಡ್ ಐ ವಾಂಟ್ ಟು ಗೋ ಅಬ್ರಾಡ್ / ಬಿಕಾಸ್ ಮೈ ಸಿಸ್ಟರ್ ಈಸ್ ಆಲ್ಸೋ ದೇರ್." ಶಬ್ದ ಅವೇ, ನಿಂತದ್ದೂ ಹೆಚ್ಚು ಕಡಿಮೆ ಅಷ್ಟೇ ಸಲ. ಆದ್ರೆ ಈಗ ಕೇಳುವವನಿಗೆ ಒಂದೊಂದು ತುಂಡೂ ಪೂರ್ತಿಯಾಗಿ ಸಿಗ್ತದೆ, ಇನ್ ಎ ಬಿಗ್ ಹಾಸ್ಪಿಟಲ್ ಅಂದ್ರೆ ಅದು ಒಂದು ಅರ್ಥ, ವರ್ಕಿಂಗ್ ಇನ್ ಅಂತ ನಿಲ್ಲಿಸಿದ್ರೆ ಅದು ಯಾವ ಅರ್ಥವೂ ಅಲ್ಲ.

ನಿಲ್ಲುವುದು ಅಂದ್ರೇನೇ ನಮಗೆ ನಾಚಿಕೆ, ಅದು ಇನ್ನೊಂದು ತೊಂದರೆ. ನಾನು ಕಲಿತ ಶಾಲೆಯಲ್ಲಿ ಇಂಗ್ಲಿಷ್ ಪಾಠ ಓದಿಸುವಾಗ ಯಾರು ತಡವರಿಸದೆ ಒಂದೇ ಉಸಿರಲ್ಲಿ ಓದ್ತಾರೋ ಅವರಿಗೆ ಶಾಭಾಸ್, ನಿಂತವರಿಗೆ ಬೆಂಚಿನ ಮೇಲೆ ನಿಲ್ಲುವ ಶಿಕ್ಷೆ. ನಾನು ಎರಡು ಸಲ ನಿಂತಿದ್ದೇನೆ, ಆ ಬೇಸರ ಈಗಲೂ ಉಂಟು. ಆ ಅಭ್ಯಾಸ ದೊಡ್ಡವರಾದ ಮೇಲೂ ಹೋಗುವುದಿಲ್ಲ, ಬೇಗ ಹೇಳಿದ್ರೆ ಚೆನ್ನಾಗಿ ಬರ್ತದೆ ಅಂತ ಎಣಿಸ್ತಾರೆ, ಅರ್ಧ ದಾರಿಯಲ್ಲಿ ಶಬ್ದ ಸಿಗುವುದಿಲ್ಲ, ಆಗ ಆಂಡು, ಬಟ್ಟು, ಸೋ ಅಂತ ಎಳೀತಾರೆ. ನಮ್ಮ ಶಬ್ದಗಳು ಹೆಚ್ಚಿನವು ಸ್ವರದಲ್ಲಿ ಮುಗಿಯುವ ಕಾರಣ ಆಂಡ್‌ಗೆ ಉ ಅಂಟಿಸಿ ಎಳೆಯುವುದು ತುಂಬ ಸುಲಭ ಆಗ್ತದೆ. ಎಳೀಬೇಡಿ ದಯಮಾಡಿ. ಹಿಂದಿನ ಗುಂಪು ಮುಗಿಸಿ ಬಾಯಿ ಮುಚ್ಚಿ, ಅಲ್ಲಿ ಆಲೋಚನೆ ಮಾಡಿ, ಮುಂದಿನ ಗುಂಪು ತಲೆಯಲ್ಲಿ ಸಿದ್ಧ ಆದ ಮೇಲೆ ಆಂಡ್‌ನಿಂದ ಶುರು ಮಾಡಿ. ಇಂಗ್ಲಿಷ್ ಮನೆಮಾತಿನವರೂ ನಿಲ್ತಾರೆ, ಧಾರಾಳವಾಗಿ ನಿಲ್ತಾರೆ.

ಇದನ್ನು ನಮ್ಮೂರಿನವರಿಗೆ ಕಲಿಸುವುದು ನಿಜವಾಗಿ ಸುಲಭ ಆಗ್ಬೇಕು, ಯಾಕೆಂದ್ರೆ ಯಕ್ಷಗಾನದ ಕವಿ ಪಾರ್ತಿಸುಬ್ಬನ ಕುಂಬಳೆ ನಮ್ಮ ಪಕ್ಕದಲ್ಲೇ ಉಂಟು, ತಾಳಮದ್ದಳೆ ಕೇಳಿ ಬೆಳೆದವರು ನಾವು. ತಾಳಮದ್ದಳೆ ಅಂದ್ರೆ ಕೂತು ನಡೆಸುವ ಯಕ್ಷಗಾನ, ಅದರಲ್ಲಿ ವೇಷ ಇಲ್ಲ, ಕುಣಿತ ಇಲ್ಲ, ಪಾತ್ರದ ಮಾತು ಹೇಳುವ ಅರ್ಥಧಾರಿಗೆ ಇರುವುದು ಮಾತು ಮಾತ್ರ. ಒಳ್ಳೆ ಅರ್ಥಧಾರಿ ಒಂದು ಮಾತು ಹೇಳಿ ನಿಂತ್ರೆ ಸಭೆಯೂ ಅವರ ಜೊತೆ ಉಸಿರು ಹಿಡೀತದೆ, ಆ ನಿಲುಗಡೆಯನ್ನು ತಡವರಿಕೆ ಅಂತ ಯಾರೂ ಹೇಳುವುದಿಲ್ಲ. ಕಾವ್ಯವನ್ನು ರಾಗದಲ್ಲಿ ಓದುವ ಗಮಕ ಕೇಳಿದವರಿಗೆ ಇನ್ನೂ ಒಳ್ಳೆದಾಗಿ ಗೊತ್ತಾಗ್ತದೆ, ಆರು ಸಾಲಿನ ಭಾಮಿನಿ ಷಟ್ಪದಿ ಪದ್ಯದ ಸಾಲು ಒಂದು ಕಡೆ ಮುಗೀತದೆ, ಅರ್ಥ ಇನ್ನೊಂದು ಕಡೆ ಮುಗೀತದೆ, ಗಮಕಿಗಳು ಸಾಲು ನೋಡಿ ನಿಲ್ಲುವುದಿಲ್ಲ, ಪದ ಬಿಡಿಸಿ ಅರ್ಥ ನೋಡಿ ನಿಲ್ತಾರೆ. ಇಂಗ್ಲಿಷಿಗೂ ಬೇಕಾದ್ದು ಅದೇ ಕೆಲಸ. ತಾಳಮದ್ದಳೆಯಲ್ಲಿ ಅರ್ಥ ಹೇಳುವ ಅಭ್ಯಾಸ ಇದ್ದ ಹುಡುಗನೊಬ್ಬ ನನ್ನ ಕ್ಲಾಸಿಗೆ ಬಂದಿದ್ದ, ಶಬ್ದ ಅವನಿಗೆ ಕಡಿಮೆಯೇ ಗೊತ್ತಿತ್ತು, ಆದ್ರೆ ಅವನ ಇಂಗ್ಲಿಷ್ ಎಲ್ಲರಿಗಿಂತ ಚೆನ್ನಾಗಿ ಅರ್ಥ ಆಗ್ತಿತ್ತು.

ಕಾಮ, ಅಂದ್ರೆ ಅಲ್ಪವಿರಾಮ, ಇದ್ದಲ್ಲೆಲ್ಲ ನಿಲ್ಲಬೇಕು ಅಂತ ಕೆಲವರು ಹಿಡ್ಕೊಂಡಿದ್ದಾರೆ. ಪೂರ್ತಿ ಸರಿಯಲ್ಲ. ಎಸ್ ಸರ್ ಬರೀವಾಗ ಮಧ್ಯೆ ಕಾಮ ಉಂಟು, ಹೇಳುವಾಗ ನಿಲ್ಲುವುದಿಲ್ಲ. "ದಿ ಓಲ್ಡ್ ಮ್ಯಾನ್ ಸಿಟ್ಟಿಂಗ್ ನಿಯರ್ ದಿ ಬಸ್ ಸ್ಟ್ಯಾಂಡ್ / ಈಸ್ ಮೈ ಅಂಕಲ್" ಅನ್ನುವಲ್ಲಿ ಕಾಮ ಇಲ್ಲ, ಕರ್ತೃ ಅಷ್ಟು ಉದ್ದ ಆದ ಕಾರಣ ನಿಲ್ಲಲೇಬೇಕು. ಕೆಲವು ಕಡೆಯಂತೂ ನಿಲ್ಲುವುದರಲ್ಲೇ ಅರ್ಥ ಕೂತಿರ್ತದೆ. "ಮೈ ಬ್ರದರ್ / ಹೂ ವರ್ಕ್ಸ್ ಇನ್ ದುಬೈ / ಈಸ್ ಕಮಿಂಗ್" ಅಂತ ಎರಡು ಕಡೆ ನಿಂತ್ರೆ ಅಣ್ಣ ಯಾರು ಅಂತ ಕೇಳುವವನಿಗೆ ಮೊದಲೇ ಗೊತ್ತುಂಟು, ದುಬೈ ವಿಷಯ ಹೆಚ್ಚಿಗೆ ಹೇಳಿದ್ದು. "ಮೈ ಬ್ರದರ್ ಹೂ ವರ್ಕ್ಸ್ ಇನ್ ದುಬೈ / ಈಸ್ ಕಮಿಂಗ್" ಅಂತ ಕೂಡಿಸಿ ಹೇಳಿದ್ರೆ ಅಣ್ಣಂದಿರು ಒಬ್ಬರಿಗಿಂತ ಹೆಚ್ಚು ಇದ್ದಾರೆ, ಅವರಲ್ಲಿ ದುಬೈಯವ ಬರ್ತಾನೆ ಅಂತ. ನಮ್ಮ "ದುಬೈಯಲ್ಲಿರುವ ಅಣ್ಣ ಬರ್ತಾನೆ" ಎರಡಕ್ಕೂ ನಡೀತದೆ, ಹಾಗಾಗಿ ಈ ವ್ಯತ್ಯಾಸ ನಮ್ಮ ಕಿವಿಗೆ ಬೇಗ ಬೀಳುವುದಿಲ್ಲ.

ನಂಬರ್ ಹೇಳುವಾಗಲೂ ಹೀಗೇ. ಕಾಸರಗೋಡಿನ ಪಿನ್ ಕೋಡ್ 671121 ನೋಡಿ. "ಸಿಕ್ಸ್ ಸೆವೆನ್ ಒನ್ / ಒನ್ ಟೂ ಒನ್" ಅಂದ್ರೆ ಕೊರಿಯರಿನವ ಒಂದೇ ಸಲಕ್ಕೆ ಬರ್ಕೊಳ್ತಾನೆ, ಒಂದೇ ಓಟದಲ್ಲಿ ಹೇಳಿದ್ರೆ ಮಧ್ಯದ ಎರಡು ಒನ್‌ಗಳು ಒಂದರೊಳಗೆ ಒಂದು ಸೇರಿ ಹೋಗ್ತವೆ.

ಗುಂಪುಗಳ ಮಧ್ಯೆ ನಿಲ್ಲಬೇಕು ಅಂದ ಮೇಲೆ ಗುಂಪಿನ ಒಳಗೆ ಎಂತ ಮಾಡ್ಬೇಕು? ಅಂಟಿಸಬೇಕು. ಶಬ್ದ ಶಬ್ದಕ್ಕೂ ಬಿಡಿಬಿಡಿಯಾಗಿ ಹೇಳಿದ್ರೆ ಅದು ಪಟ್ಟಿ ಓದಿದ ಹಾಗೆ. ಇದಕ್ಕೆ ನಾನು ಸಂಧಿ ಪಾಠವನ್ನೇ ತೆಗೀತೇನೆ, ಕನ್ನಡ ಮೀಡಿಯಂ ಮಕ್ಕಳಿಗೆ ಅದು ಬಾಯಿಪಾಠ. ಮನೆ ಅಲ್ಲಿ ಸೇರಿ ಮನೆಯಲ್ಲಿ ಆದ ಹಾಗೆ ದಿ ಎಂಡ್ ಅನ್ನುವುದು ದಿಯೆಂಡ್ ಆಗ್ತದೆ, ಗುರು ಅನ್ನು ಸೇರಿ ಗುರುವನ್ನು ಆದ ಹಾಗೆ ಗೋ ಆನ್ ಹೇಳಿದ್ರೆ ಗೋವಾನ್ ಕೇಳ್ತದೆ, ಕಮ್ ಇನ್ ಕಮಿನ್. ಅದರ ಜೊತೆ ಪ್ರತಿ ಗುಂಪಿನಲ್ಲೂ ಮುಖ್ಯವಾದ ಒಂದು ಶಬ್ದಕ್ಕೆ ಸ್ವರ ಏರಬೇಕು. ನಾವು "ನಾನೇ ಹೇಳಿದ್ದು" ಅಂತ ಏ ಸೇರಿಸಿ ಒತ್ತು ಕೊಡ್ತೇವೆ, ಅವರು ಐ ಸೆಡ್ ಇಟ್ ಅನ್ನುವಾಗ ಐ ಮೇಲೆ ಸ್ವರ ಏರಿಸಿ ಅದನ್ನೇ ಹೇಳ್ತಾರೆ.

ಅಭ್ಯಾಸಕ್ಕೆ ದೊಡ್ಡ ಪುಸ್ತಕ ಬೇಡ. ಇಂಗ್ಲಿಷ್ ಪೇಪರಿನ ನಾಲ್ಕು ಸಾಲು ತಗೊಳ್ಳಿ, ಪೆನ್ಸಿಲಲ್ಲಿ ಗೆರೆ ಹಾಕಿ, ಗೆರೆಯ ಎಡಕ್ಕೆ ಇನ್, ಆಫ್, ದ್ಯಾಟ್, ದಿ ಅಂಥದ್ದು ಒಂಟಿಯಾಗಿ ಉಳಿದಿದ್ರೆ ಆ ಗೆರೆ ಹೆಚ್ಚಾಗಿ ತಪ್ಪು ಜಾಗದಲ್ಲಿ ಉಂಟು ಅಂತ ತಿಳ್ಕೊಳ್ಳಿ, ಅಳಿಸಿ ಆ ಸಣ್ಣ ಶಬ್ದಕ್ಕಿಂತ ಮೊದಲು ಹಾಕಿ. ಜೋರಾಗಿ ಓದಿ, ರೆಕಾರ್ಡ್ ಮಾಡಿ ಕೇಳಿ. ಒಂದು ವಾರ ಗೆರೆ ಇರಲಿ, ಆಮೇಲೆ ಗೆರೆ ಇಲ್ಲದೆ. ಶುರುವಲ್ಲಿ ಗುಂಪು ಮೂರು ನಾಲ್ಕು ಶಬ್ದದ್ದೇ ಸಾಕು, ಉದ್ದ ತಾನಾಗಿ ಬೆಳೀತದೆ.

ಐಇಎಲ್‌ಟಿಎಸ್‌ಗೆ ಹೋಗುವವರಿಗೆ ಒಂದು ಮಾತು. ಅಲ್ಲಿ ಸ್ಪೀಕಿಂಗ್ 11ರಿಂದ 14 ನಿಮಿಷ, ಎರಡನೇ ಭಾಗದಲ್ಲಿ ಒಂದು ಕಾರ್ಡ್ ಕೊಟ್ಟು ತಯಾರಿಗೆ 1 ನಿಮಿಷ ಕೊಡ್ತಾರೆ, ಮತ್ತೆ 1ರಿಂದ 2 ನಿಮಿಷ ನೀವೊಬ್ಬರೇ ಮಾತಾಡ್ಬೇಕು. ಹೆಚ್ಚಿನವರು ಆ ಒಂದು ನಿಮಿಷದಲ್ಲಿ ಪೂರ್ತಿ ವಾಕ್ಯ ಬರೀಲಿಕ್ಕೆ ಹೋಗ್ತಾರೆ, ಅರ್ಧಕ್ಕೆ ಟೈಮ್ ಮುಗೀತದೆ. ವಾಕ್ಯ ಬೇಡ, ಇನ್ ಎ ಸ್ಮಾಲ್ ವಿಲೇಜ್, ವಿತ್ ಮೈ ಗ್ರ್ಯಾಂಡ್‌ಮದರ್, ಬಿಕಾಸ್ ಆಫ್ ದಿ ರೈನ್, ಹೀಗೆ ಗುಂಪು ಗುಂಪಾಗಿ ಐದಾರು ಬರ್ಕೊಳ್ಳಿ, ಪ್ರತಿಯೊಂದೂ ಸಣ್ಣ ಶಬ್ದದಿಂದಲೇ ಶುರು ಆಗಲಿ.

ಆ ನರ್ಸ್ ಮೂರು ವಾರ ದಿನಾ ಕುಂಬಳೆಯಿಂದ ಮಂಗಳೂರಿನ ರೈಲಲ್ಲಿ ಇದನ್ನೇ ಮಾಡಿದಳಂತೆ, ಇಯರ್‌ಫೋನ್ ಹಾಕ್ಕೊಂಡು, ತುಟಿ ಮಾತ್ರ ಅಲ್ಲಾಡಿಸಿ. ಮೊದಲ ದಿನದ ರೆಕಾರ್ಡನ್ನು ಅವಳಿಗೆ ಪುನಃ ಕೇಳಿಸಿದೆ. ವರ್ಕಿಂಗ್ ಇನ್ ಅಂತ ಅದು ನಿಂತ ಕೂಡ್ಲೇ ಅವಳು ಕೈ ಎತ್ತಿ ರೆಕಾರ್ಡ್ ನಿಲ್ಲಿಸಿದಳು, ಗೆರೆ ಎಲ್ಲಿಗೆ ಬರ್ಬೇಕು ಅಂತ ನಾನು ಕೇಳುವ ಮೊದಲೇ ಹೇಳಿದಳು.