ಕೊನೆಗಾರ, ಹಗ್ಗ ಹಿಡಿಯುವವ ಮತ್ತು ಕಾಲೇಜಿನ ಕಂಪ್ಯೂಟರು

ಪರೀಕ್ಷೆಯಲ್ಲಿ ‘ಉನ್ನತ ಶಿಕ್ಷಣದ ಡಿಜಿಟಲ್ ಪರಿವರ್ತನೆಯಲ್ಲಿ ತಂಡದ ಪಾತ್ರ’ ಅಂತ ಪ್ರಶ್ನೆ ಬಂದರೆ ‘ಸಹಕಾರ ಬಹಳ ಮುಖ್ಯ’ ಎಂದು ಮೂರು ಪುಟ ತುಂಬಿಸಬೇಡಿ. ಯಾವ ಕೆಲಸಕ್ಕೆ ಯಾವ ಬಗೆಯ ಸಹಕಾರ ಬೇಕು ಎನ್ನುವುದೇ ತಿರುಳು. ಕೆಲಸಗಾರರು ಒಬ್ಬರನ್ನೊಬ್ಬರು ನೆಚ್ಚಿಕೊಳ್ಳುವ ರೀತಿಯನ್ನು ಅಮೆರಿಕದ ಸಮಾಜಶಾಸ್ತ್ರಜ್ಞ ಜೇಮ್ಸ್ ಥಾಂಪ್ಸನ್ 1967ರಲ್ಲೇ ಮೂರಾಗಿ ವಿಂಗಡಿಸಿದ್ದಾರೆ. ಶಂಕರಘಟ್ಟದ ವಿಶ್ವವಿದ್ಯಾಲಯದ ಲೈಬ್ರರಿಯಲ್ಲಿ ತಲೆಗೆ ಹತ್ತದೇ ಇದ್ದದ್ದು ನನಗೆ ಊರಿನ ಅಡಿಕೆ ಕೊಯ್ಲಿನಲ್ಲಿ ಹತ್ತಿತು.

ಮೊದಲನೆಯದು ಕೂಡಿಕೆಯ ಅವಲಂಬನೆ. ಅಡಿಕೆ ಸುಲಿಯುವವರು ಸಾಲಾಗಿ ಕೂತಿರುತ್ತಾರೆ. ಅವರವರ ಮೆಟ್ಟುಗತ್ತಿ, ಅವರವರು ಸುಲಿದು ತುಂಬಿದ ಡಬ್ಬದ ಲೆಕ್ಕ. ಪಕ್ಕದವರು ಎದ್ದು ಹೋದರೂ ನನ್ನ ಕೈ ನಿಲ್ಲುವುದಿಲ್ಲ. ಮೇಷ್ಟ್ರುಗಳು ತಂತಮ್ಮ ಪಾಠದ ವಿಡಿಯೋ ಹಾಕುವುದು ಈ ಬಗೆಯದು.

ಎರಡನೆಯದು ಸರಣಿ: ಕೊಯ್ಲು, ಸುಲಿಯುವುದು, ಹಂಡೆಯಲ್ಲಿ ಬೇಯಿಸುವುದು, ಒಣಗಿಸುವುದು. ಪ್ರವೇಶಾತಿಯಿಂದ ಅಂಕಪಟ್ಟಿವರೆಗಿನ ದಾರಿಯೂ ಹೀಗೇ. ಇದಕ್ಕೆ ಒಳ್ಳೆಯ ವೇಳಾಪಟ್ಟಿ ಸಾಕು.

ಕಷ್ಟವಿರುವುದು ಮೂರನೆಯದರಲ್ಲಿ, ಪರಸ್ಪರ ಅವಲಂಬನೆಯಲ್ಲಿ. ಅಡಿಕೆ ಗೊನೆ ಕೊಯ್ಯುವ ಕೊನೆಗಾರ ಮರದ ತುದಿಯಲ್ಲಿ, ಇನ್ನೊಬ್ಬ ಕೆಳಗೆ ಗೊನೆ ಜಾರಿ ಬರುವ ಹಗ್ಗ ಹಿಡಿದು ನಿಂತಿರುತ್ತಾನೆ. ಮೇಲಿಂದ ಕೂಗು ಬಂದರೆ ಹಗ್ಗ ಬಿಗಿಯಾಗಬೇಕು. ಕೆಳಗಿನವನು ಸಜ್ಜಾಗದೆ ಮೇಲಿನವನು ಕತ್ತಿ ಬೀಸುವಂತಿಲ್ಲ. ಇಬ್ಬರ ನಡುವೆ ಮಾತು ನಡೆಯುತ್ತಲೇ ಇರುತ್ತದೆ.

ಈಗ ಕಾಲೇಜಿಗೆ ಬನ್ನಿ. ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್ ಎಂಬ ಆನ್‌ಲೈನ್ ವ್ಯವಸ್ಥೆಗೆ ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) 2021ರಲ್ಲಿ ನಿಯಮ ತಂದಿತು. ವಿದ್ಯಾರ್ಥಿ ಗಳಿಸಿದ ಕ್ರೆಡಿಟ್, ಅಂದರೆ ಪಾಸಾದ ಕೋರ್ಸಿಗೆ ಸಿಗುವ ಅಂಶ, ಅವರ ಖಾತೆಗೆ ಜಮೆಯಾಗಬೇಕು. ನನ್ನ ಗೆಳತಿಯ ಆಧಾರ್‌ನಲ್ಲಿ ಇನಿಷಿಯಲ್ ಹೆಸರಿನ ಮುಂದೆ, ಕಾಲೇಜಿನ ದಾಖಲೆಯಲ್ಲಿ ಹಿಂದೆ; ಹೆಸರು ಹೊಂದದೆ ಕ್ರೆಡಿಟ್ ಜಮೆಯಾಗಲಿಲ್ಲ. ಗುಮಾಸ್ತರು ‘ಕಂಪ್ಯೂಟರಿನವರನ್ನ ಕೇಳಮ್ಮ’ ಅಂದರು. ಕಂಪ್ಯೂಟರಿನವರು ಪರೀಕ್ಷಾ ವಿಭಾಗಕ್ಕೆ ಕಳಿಸಿದರು. ಅಲ್ಲಿಂದ ಮತ್ತೆ ಗುಮಾಸ್ತರ ಮೇಜು. ಯಾರನ್ನೂ ಸೋಮಾರಿ ಅನ್ನಲಾರೆ. ಹಗ್ಗದ ಕೆಲಸವನ್ನು ಡಬ್ಬದ ಲೆಕ್ಕದಲ್ಲಿ ಹಂಚಿಟ್ಟಿದ್ದರು, ಅಷ್ಟೇ. ಮೂವರೂ ಒಂದೇ ಮಾನಿಟರ್ ಮುಂದೆ ಕೂತ ಮಧ್ಯಾಹ್ನ, ಕಾಫಿ ಆರುವುದರೊಳಗೆ ಹೆಸರು ಸರಿಹೋಯಿತು. ಸಾಫ್ಟ್‌ವೇರ್ ಮೊದಲಿನದ್ದೇ.

ಇನ್ನೊಂದು ಹೆಸರು ನೆನಪಿಡಿ: ಹಾರ್ವರ್ಡ್‌ನ ಪ್ರಾಧ್ಯಾಪಕಿ ಏಮಿ ಎಡ್ಮಂಡ್‌ಸನ್, 1999. ತಪ್ಪು ಒಪ್ಪಿಕೊಂಡರೆ, ಗೊತ್ತಿಲ್ಲ ಅಂದರೆ ಮರ್ಯಾದೆ ಹೋಗುವುದಿಲ್ಲ ಎಂಬ ಭರವಸೆ ಇರುವ ತಂಡ ಹೆಚ್ಚು ಕಲಿಯುತ್ತದೆ ಎಂದು ತೋರಿಸಿದವರು. ನಿವೃತ್ತಿ ಹತ್ತಿರವಿರುವ ಮೇಷ್ಟ್ರು ‘ಇದನ್ನ ಎಲ್ಲಿ ಒತ್ತಬೇಕೋ ಮಾರಾಯ?’ ಎಂದು ಅತಿಥಿ ಉಪನ್ಯಾಸಕರನ್ನು ಎಲ್ಲರೆದುರು ಕೇಳುವುದುಂಟಾ? ನಿಮ್ಮ ಕಾಲೇಜಿನಲ್ಲೇ ಗಮನಿಸಿ, ಉದಾಹರಣೆ ಸಿಗುತ್ತದೆ.

ಐದು ಅಂಕಕ್ಕೆ ಥಾಂಪ್ಸನ್ ಸಾಕು. ಹತ್ತಾದರೆ ಇಬ್ಬರನ್ನೂ ಬರೆಯಿರಿ.