ನಿದ್ದೆಯಿಂದ ಏಳದ ಲ್ಯಾಪ್‌ಟಾಪ್, ನಿದ್ದೆಯೇ ಮಾಡದ ಲ್ಯಾಪ್‌ಟಾಪ್

ಲಿನಕ್ಸ್ ಆಪರೇಟಿಂಗ್ ಸಿಸ್ಟಂ ಬಳಸುವವರ ಸಸ್ಪೆಂಡ್ (ಯಂತ್ರವನ್ನು ಆರಿಸದೆ ಮಲಗಿಸುವುದು) ದೂರಿನಲ್ಲಿ ಎರಡು ಬಗೆ. ಹಳೆಯದು: ಮುಚ್ಚಳ ತೆರೆದರೆ ಪರದೆ ಕಪ್ಪು, ವೈಫೈ ನಾಪತ್ತೆ. ಹೊಸದು: ಎಲ್ಲ ಸರಿಯಾಗಿ ಏಳುತ್ತದೆ, ಆದರೆ ಚೀಲದಿಂದ ತೆಗೆದ ಯಂತ್ರ ಬಿಸಿ, ಬ್ಯಾಟರಿ ಅರ್ಧಕ್ಕರ್ಧ ಖಾಲಿ. ಎರಡಕ್ಕೂ ಮದ್ದು ಒಂದೇ ಎಂದುಕೊಂಡು ಹಳೆಯ ಪರಿಹಾರಗಳನ್ನು ಹೊಸ ಯಂತ್ರದ ಮೇಲೆ ಪ್ರಯೋಗಿಸುವುದರಿಂದಲೇ ಗೊಂದಲ ಹೆಚ್ಚಾಗಿದೆ.

1992ರ ಎಪಿಎಂ ಎಂಬ ವಿದ್ಯುತ್ ನಿರ್ವಹಣೆಯ ಮಾನದಂಡದ ಕಾಲದಲ್ಲಿ ಯಂತ್ರವನ್ನು ಮಲಗಿಸುವುದು ಬಹುಪಾಲು ಬಯೋಸ್ (ಯಂತ್ರದಲ್ಲೇ ಅಡಕವಾಗಿರುವ ಆರಂಭಿಕ ತಂತ್ರಾಂಶ) ಕೆಲಸವಾಗಿತ್ತು. 1996ರಲ್ಲಿ ಬಂದ ಎಸಿಪಿಐ ಎಂಬ ಮಾನದಂಡ ಅದರ ಹೊಣೆಯನ್ನು ಆಪರೇಟಿಂಗ್ ಸಿಸ್ಟಂಗೆ ಒಪ್ಪಿಸಿತು. ಆಗ ಬಳಕೆಗೆ ಬಂದದ್ದು ಎಸ್3 ಎಂಬ ನಿದ್ದೆಯ ಸ್ಥಿತಿ. ರ‍್ಯಾಮ್‌ಗೆ ಮಾತ್ರ ವಿದ್ಯುತ್, ಪ್ರೊಸೆಸರ್ ಮತ್ತು ಬಹುತೇಕ ಸಾಧನಗಳಿಗೆ ಇಲ್ಲ. ಎದ್ದಾಗ ಸಾಧನದ ರಿಜಿಸ್ಟರುಗಳೆಲ್ಲ (ಅದರೊಳಗಿನ ಪುಟ್ಟ ನೆನಪಿನ ಗೂಡುಗಳು) ಖಾಲಿ. ಅವನ್ನು ಮತ್ತೆ ತುಂಬಿ ಕೆಲಸಕ್ಕೆ ಹಚ್ಚಬೇಕಾದವನು ಡ್ರೈವರ್, ಅಂದರೆ ಆ ಸಾಧನವನ್ನು ನಡೆಸುವ ತಂತ್ರಾಂಶ.

ಮೊದಮೊದಲು ಡ್ರೈವರ್‌ಗೆ ಇದ್ದದ್ದು ಸಸ್ಪೆಂಡ್, ರೆಸ್ಯೂಮ್ ಎಂಬ ಎರಡೇ ಫಂಕ್ಷನ್. ಅಷ್ಟು ಸಾಲದು ಎಂಬುದು ಬೇಗ ಗೊತ್ತಾಯಿತು. 2008–09ರ ಸುಮಾರಿಗೆ ಲಿನಕ್ಸ್ ಡೆವಲಪರ್ ರಾಫಾಯೆಲ್ ವಿಸೋಟ್ಸ್ಕಿ ಮತ್ತಿತರರ ಕೆಲಸದಿಂದ ಡೆವ್_ಪಿಎಂ_ಆಪ್ಸ್ ಎಂಬ ಹೊಸ ಚೌಕಟ್ಟು ಬಂತು. ಇಂದಿನ ಕ್ರಮ ಹೀಗಿದೆ: ಮೊದಲು ಬಳಕೆದಾರರ ಪ್ರಕ್ರಿಯೆಗಳು ಸ್ತಬ್ಧವಾಗಬೇಕು, ಅದಕ್ಕೆ 20 ಸೆಕೆಂಡಿನ ಗಡುವು. ಆಮೇಲೆ ಪ್ರತಿ ಸಾಧನವೂ ಪ್ರಿಪೇರ್, ಸಸ್ಪೆಂಡ್, ಸಸ್ಪೆಂಡ್_ಲೇಟ್, ಸಸ್ಪೆಂಡ್_ನೋಐಆರ್‌ಕ್ಯು ಎಂಬ ನಾಲ್ಕು ಹಂತ ದಾಟುತ್ತದೆ. ಮಲಗುವಾಗ ಮಕ್ಕಳು (ಇನ್ನೊಂದು ಸಾಧನದ ಮೂಲಕ ಜೋಡಿಸಿದ ಸಾಧನಗಳು) ಮೊದಲು, ತಾಯಿ ಆಮೇಲೆ, ಏಳುವಾಗ ತಿರುಗುಮುರುಗು.

ಕೊನೆಯ ಹಂತ ಯಾಕೆ ಬೇಕು? ಒಂದೇ ಇಂಟರಪ್ಟ್ ಲೈನನ್ನು (ಸಾಧನ ಪ್ರೊಸೆಸರನ್ನು ಕರೆಯುವ ತಂತಿ) ಎರಡು ಸಾಧನ ಹಂಚಿಕೊಂಡಿವೆ ಎನ್ನಿ. ಒಂದನ್ನು ಅದರ ಡ್ರೈವರ್ ಆಗಲೇ ಡಿ3 ಎಂಬ ನಿದ್ದೆಯ ಸ್ಥಿತಿಗೆ ಇಳಿಸಿದೆ. ಇನ್ನೊಂದು ಇಂಟರಪ್ಟ್ ಎಬ್ಬಿಸಿದರೆ ಎರಡರ ಹ್ಯಾಂಡ್ಲರೂ (ಆ ಕರೆಗೆ ಓಗೊಡುವ ಡ್ರೈವರ್ ಭಾಗ) ಓಡುತ್ತವೆ. ಮಲಗಿದ ಸಾಧನದ ಸ್ಟೇಟಸ್ ರಿಜಿಸ್ಟರ್ ಓದಿದರೆ ಸಿಗುವುದು ಎಲ್ಲ ಬಿಟ್‌ಗಳೂ 1. ಡ್ರೈವರ್ ಇದನ್ನು ನಿಜವೆಂದೇ ನಂಬಿ ಇಲ್ಲದ ಕೆಲಸಕ್ಕೆ ಇಳಿಯುತ್ತದೆ, ಯಂತ್ರ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಹ್ಯಾಂಡ್ಲರ್‌ಗಳು ಓಡುವುದನ್ನು ತಡೆದ ಮೇಲೆ ವಿದ್ಯುತ್ ಇಳಿಸಿದರೆ ಈ ಅಪಾಯವಿಲ್ಲ.

ತಾಯಿ–ಮಕ್ಕಳ ಮರದಲ್ಲಿ ಎಲ್ಲ ಅವಲಂಬನೆಯೂ ಕಾಣುವುದಿಲ್ಲ ಎಂಬುದು ಇನ್ನೊಂದು ತೊಡಕು. ಟಚ್ ಪ್ಯಾನೆಲ್ ಒಂದು ಐ2ಸಿ ಬಸ್ಸಿನಲ್ಲಿ (ಚಿಪ್‌ಗಳನ್ನು ಬೆಸೆಯುವ ತಂತಿಜೋಡಣೆ) ಇರುತ್ತದೆ. ಅದಕ್ಕೆ ವಿದ್ಯುತ್ ಕೊಡುವ ರೆಗ್ಯುಲೇಟರ್ ಬೇರೆಯೇ ಬಸ್ಸಿನಲ್ಲಿರುತ್ತದೆ. ರೆಗ್ಯುಲೇಟರ್ ಮೊದಲು ಮಲಗಿದರೆ ಪ್ಯಾನೆಲ್‌ಗೆ ಕಳಿಸಿದ ಆಜ್ಞೆಗೆ ಉತ್ತರ ಬರದೆ –110, ಅಂದರೆ ಟೈಮ್‌ಔಟ್, ಮರಳುತ್ತದೆ. ಆ ಒಂದು ದೋಷಸಂಖ್ಯೆಯಿಂದ ಇಡೀ ಸಸ್ಪೆಂಡ್ ರದ್ದಾಗಬಹುದು. ಇಂಥ ಅಡ್ಡ ಸಂಬಂಧಗಳನ್ನು ನಮೂದಿಸುವ ಡಿವೈಸ್ ಲಿಂಕ್ ಲಿನಕ್ಸ್‌ನ ತಿರುಳಾದ ಕರ್ನಲ್‌ನ 4.10 ಆವೃತ್ತಿಯಲ್ಲಿ ಬಂತು. ಫರ್ಮ್‌ವೇರ್ ಕಡತದ (ಸಾಧನದೊಳಗೆ ಓಡುವ ತಂತ್ರಾಂಶ) ಕಥೆಯೂ ಇದೇ: ಪ್ರಕ್ರಿಯೆಗಳು ಇನ್ನೂ ಸ್ತಬ್ಧವಾಗಿರುವಾಗ, ಡಿಸ್ಕ್ ಎದ್ದಿದೆಯೋ ಇಲ್ಲವೋ ಎಂಬ ಗಳಿಗೆಯಲ್ಲಿ, ವೈಫೈ ಡ್ರೈವರ್ ಅದನ್ನು ಕೇಳುತ್ತಿತ್ತು. 3.7ರಿಂದ ಮಲಗುವ ಮುನ್ನವೇ ಅದನ್ನು ರ‍್ಯಾಮ್‌ನಲ್ಲಿ ಇಟ್ಟುಕೊಳ್ಳುವ ಏರ್ಪಾಡಾಯಿತು.

ಯಂತ್ರ ಎಚ್ಚರವಿರುವಾಗಲೇ ಬಿಡುವಾದ ಸಾಧನವನ್ನು ಮಲಗಿಸುವ ರನ್‌ಟೈಮ್ ಪಿಎಂ 2009ರ ಕೊನೆಗೆ, 2.6.32ರಲ್ಲಿ ಬಂತು. ಅದರಲ್ಲೂ ಒಂದು ಹೊಂಡ. ಸಾಧನವನ್ನು ಎಬ್ಬಿಸುವ ಪಿಎಂ_ರನ್‌ಟೈಮ್_ಗೆಟ್_ಸಿಂಕ್ ಫಂಕ್ಷನ್ ವಿಫಲವಾದರೂ ಬಳಕೆಯ ಎಣಿಕೆಯನ್ನು ಒಂದು ಏರಿಸಿಯೇ ಇರುತ್ತದೆ. ದೋಷ ಕಂಡೊಡನೆ ರಿಟರ್ನ್ ಆಗಿಬಿಡುವ ಡ್ರೈವರ್ ಆ ಎಣಿಕೆಯನ್ನು ಇಳಿಸುವುದಿಲ್ಲ, ಸಾಧನ ಮತ್ತೆಂದೂ ತಾನಾಗಿ ಮಲಗುವುದಿಲ್ಲ. ತಾನೇ ಎಣಿಕೆ ಸರಿಪಡಿಸಿಕೊಳ್ಳುವ ಪಿಎಂ_ರನ್‌ಟೈಮ್_ರೆಸ್ಯೂಮ್_ಅಂಡ್_ಗೆಟ್ 5.10ರಲ್ಲಿ ಬರುವ ಹೊತ್ತಿಗೆ ಈ ತಪ್ಪು ಹತ್ತಾರು ಡ್ರೈವರ್‌ಗಳಿಗೆ ನಕಲಾಗಿತ್ತು.

ಹೊಸ ಬಗೆಯ ದೂರಿನ ಬೇರು 2012ರಲ್ಲಿದೆ. ವಿಂಡೋಸ್ 8ರ ಜೊತೆಗೆ ಬಂದ ಕನೆಕ್ಟೆಡ್ ಸ್ಟ್ಯಾಂಡ್‌ಬೈನಲ್ಲಿ ಯಂತ್ರ ಫೋನಿನಂತೆ ಅರೆನಿದ್ದೆಯಲ್ಲಿರಬೇಕು. ಲಿನಕ್ಸ್‌ನಲ್ಲಿ ಇದಕ್ಕೆ ಹೊಂದುವ ಎಸ್2ಐಡಲ್ 2013ರಲ್ಲಿ, 3.9ರಲ್ಲಿ ಸೇರಿತು. ಇಂಟೆಲ್‌ನ 11ನೇ ತಲೆಮಾರಿನ ಹೊತ್ತಿಗೆ ಅನೇಕ ಲ್ಯಾಪ್‌ಟಾಪ್‌ಗಳಿಂದ ಎಸ್3 ಮಾಯವೇ ಆಯಿತು.

ಇಲ್ಲಿ ಲೆಕ್ಕವೇ ತಲೆಕೆಳಗು. ಎಸ್3ಯಲ್ಲಿ ಡ್ರೈವರ್ ಸೋಮಾರಿಯಾದರೂ ಕೊನೆಗೆ ಸಾಧನದ ವಿದ್ಯುತ್ ಕಡಿತವಾಗುತ್ತಿತ್ತು. ತಪ್ಪು ಬಯಲಾಗುತ್ತಿದ್ದದ್ದು ಏಳುವಾಗ. ಎಸ್2ಐಡಲ್‌ನಲ್ಲಿ ಹಾಗೆ ಕಡಿಯುವವರಿಲ್ಲ. ಎನ್‌ವಿಎಂಇ ಡಿಸ್ಕೋ ಎಸ್‌ಡಿ ಕಾರ್ಡ್ ರೀಡರೋ ಒಂದು ಕೆಳಗಿಳಿಯದಿದ್ದರೆ ಇಡೀ ಚಿಪ್ ಎಸ್0ಐಎಕ್ಸ್ ಎಂಬ ಆಳ ನಿದ್ದೆಯ ಸ್ಥಿತಿಗೆ ಹೋಗದೆ ರಾತ್ರಿಯಿಡೀ ವಿದ್ಯುತ್ ತಿನ್ನುತ್ತದೆ. ದೋಷ ಸಂದೇಶವೂ ಬರುವುದಿಲ್ಲ. ಹೊಣೆ ಡ್ರೈವರ್‌ಗೆ ಬಂದದ್ದು ಸರಿಯೇ. ಆದರೆ ಡ್ರೈವರ್‌ಗಳು ಸಜ್ಜಾಗುವ ಮೊದಲೇ ಎಸ್3 ಎಂಬ ಊರುಗೋಲನ್ನು ಕಿತ್ತುಕೊಂಡದ್ದು ಅವಸರವಾಯಿತು. ಬೇಕೆಂದರೆ ಅದನ್ನು ಉಳಿಸಬಹುದಿತ್ತು: ಆರನೇ ತಲೆಮಾರಿನ ಥಿಂಕ್‌ಪ್ಯಾಡ್ ಎಕ್ಸ್1 ಕಾರ್ಬನ್‌ಗೆ 2018ರಲ್ಲಿ ಬಂದ ಬಯೋಸ್ ಅಪ್‌ಡೇಟ್, ಸ್ಲೀಪ್ ಸ್ಟೇಟ್ ಅಡಿಯಲ್ಲಿ ಲಿನಕ್ಸ್ ಎಂಬ ಆಯ್ಕೆ ಸೇರಿಸಿ ಎಸ್3 ಮರಳಿ ಕೊಟ್ಟಿತು.

ಆದ್ದರಿಂದ ಮೊದಲು ನೋಡಬೇಕಾದದ್ದು ಸಿಸ್ ಫೋಲ್ಡರಿನ ಪವರ್ ಅಡಿಯಲ್ಲಿರುವ ಮೆಮ್_ಸ್ಲೀಪ್ ಕಡತ. ಚೌಕ ಕಂಸದೊಳಗೆ ಡೀಪ್ ಇದ್ದರೆ ಎಸ್3, ಎಸ್2ಐಡಲ್ ಇದ್ದರೆ ಹೊಸ ಬಗೆ. ಏಳದ ಯಂತ್ರಕ್ಕೆ ಅಲ್ಲೇ ಇರುವ ಪಿಎಂ_ಟೆಸ್ಟ್ ಕಡತಕ್ಕೆ ಫ್ರೀಜರ್, ಡಿವೈಸಸ್, ಪ್ಲಾಟ್‌ಫಾರ್ಮ್, ಪ್ರೊಸೆಸರ್ಸ್, ಕೋರ್ ಎಂದು ಒಂದೊಂದಾಗಿ ಬರೆದು ಪ್ರತಿ ಸಲವೂ ಸಸ್ಪೆಂಡ್ ಮಾಡಿ. ಆ ಹಂತದವರೆಗೆ ಹೋಗಿ, 5 ಸೆಕೆಂಡ್ ನಿಂತು ಮರಳುತ್ತದೆ. ಡಿವೈಸಸ್‌ನಲ್ಲೇ ತಡವರಿಸಿದರೆ ತಪ್ಪು ಬಹುತೇಕ ಯಾವುದೋ ಡ್ರೈವರ್‌ನದು. ಮಲಗದ ಇಂಟೆಲ್ ಯಂತ್ರವಾದರೆ ಡೀಬಗ್‌ಎಫ್‌ಎಸ್‌ನ (ದೋಷ ಹುಡುಕಲೆಂದು ಕರ್ನಲ್ ತೆರೆದಿಡುವ ಕಡತಗಳ ತಾಣ) ಪಿಎಂಸಿ_ಕೋರ್ ಅಡಿಯ ಎಸ್‌ಎಲ್‌ಪಿ_ಎಸ್0_ರೆಸಿಡೆನ್ಸಿ_ಯುಸೆಕ್ ಮೌಲ್ಯವನ್ನು ಮಲಗಿಸುವ ಮೊದಲೂ ಎದ್ದ ಮೇಲೂ ಓದಿ. ಅಂಕಿ ಬದಲಾಗದಿದ್ದರೆ ಯಂತ್ರ ಆಳಕ್ಕೆ ಇಳಿದೇ ಇಲ್ಲ. ಆಗ ಹೊರಗಿನ ಯುಎಸ್‌ಬಿ ಸಾಧನಗಳನ್ನು ಕಿತ್ತು, ಡ್ರೈವರ್ ಮಾಡ್ಯೂಲ್‌ಗಳನ್ನು ಒಂದೊಂದಾಗಿ ಇಳಿಸುತ್ತಾ, ಅಂಕಿ ಏರುವವರೆಗೆ ಇದನ್ನೇ ಮತ್ತೆ ಮಾಡಬೇಕು.