ಗೃಹಲಕ್ಷ್ಮಿ ದುಡ್ಡಲ್ಲಿ ಮೇಕೆ ತಂದರೆ ಕೈ ಹಿಡಿಯುತ್ತಾ?

ಓದುಗರ ಪ್ರಶ್ನೆ: ಗೃಹಲಕ್ಷ್ಮಿಯ ಕಂತುಗಳನ್ನು ಮುಟ್ಟದೆ ಕೂಡಿಟ್ಟಿದ್ದೇನೆ, ₹12,000 ಆಗಿದೆ. ಹಸು ಸತ್ತ ಮೇಲೆ ಹಾಲಿನ ದುಡ್ಡು ನಿಂತುಹೋಗಿದೆ. ಈ ಹಣಕ್ಕೆ ಎರಡು ಮೇಕೆ ತರಬಹುದಾ? ತಿಂಗಳಿಗೆ ಎರಡು ಸಾವಿರದಲ್ಲಿ ನಿಜವಾಗಿ ಏನಾದರೂ ಕಟ್ಟಿಕೊಳ್ಳೋಕೆ ಆಗುತ್ತಾ?

ಉತ್ತರ: ಆಗುತ್ತೆ. ಆದರೆ ಎರಡು ಬೇಡ, ಒಂದು ತನ್ನಿ. ಅದಕ್ಕೂ ಮೊದಲು ಮನೆಯಲ್ಲಿ ಬಡ್ಡಿಸಾಲ ಇದೆಯಾ ನೋಡಿಕೊಳ್ಳಿ.

ನೂರಕ್ಕೆ ಐದರಂತೆ ₹20,000 ತಂದಿದ್ದರೆ ತಿಂಗಳಿಗೆ ₹1,000 ಬಡ್ಡಿ. ಗೃಹಲಕ್ಷ್ಮಿಯ ಅರ್ಧ ಅಲ್ಲಿಗೇ ಹೋಯಿತು, ಅಸಲು ಮಾತ್ರ ಕದಲುವುದಿಲ್ಲ. ಕೂಡಿಟ್ಟ ₹12,000 ಅಸಲಿಗೆ ಕಟ್ಟಿದರೆ ಮುಂದಿನ ತಿಂಗಳಿಂದ ಬಡ್ಡಿ ₹400ಕ್ಕೆ ಇಳಿಯುತ್ತದೆ. ವರ್ಷಕ್ಕೆ ₹7,200 ಉಳಿಯಿತು. ಇಷ್ಟನ್ನು ತಪ್ಪದೆ ಕೊಡುವ ಮೇಕೆ ಯಾವ ಸಂತೆಯಲ್ಲೂ ಸಿಗುವುದಿಲ್ಲ. ಕೊಟ್ಟ ಹಣವನ್ನು 'ಇದು ಬಡ್ಡಿಗೆ' ಎಂದು ಜಮೆ ಮಾಡಿಕೊಂಡು ಅಸಲನ್ನು ಹಾಗೇ ಬಿಡುವ ಸಾಹುಕಾರರಿದ್ದಾರೆ. ಅದಕ್ಕೇ ಪ್ರೋನೋಟಿನ ಹಿಂಬದಿಯಲ್ಲಿ 'ಅಸಲಿನ ಬಾಬ್ತು' ಎಂದು ತಾರೀಖು ಹಾಕಿಸಿ, ಸಹಿ ಮಾಡಿಸಿಕೊಂಡು, ಮೊಬೈಲಿನಲ್ಲಿ ಫೋಟೊ ತೆಗೆದಿಟ್ಟುಕೊಳ್ಳಿ. ಅಂಥ ಸಾಲ ಇಲ್ಲದಿದ್ದರೆ ಮಾತ್ರ ಮುಂದಿನದನ್ನು ಓದಿ.

2023ರ ಆಗಸ್ಟ್ 30ರಂದು ಮೈಸೂರಿನಲ್ಲಿ ಶುರುವಾದ ಯೋಜನೆ ಇದು, ತಿಂಗಳಿಗೆ ₹2,000. ತಿಂಗಳು ತಿಂಗಳು ಬರುವ ಸಣ್ಣ ಹಣದ ಗುಣವೇ ಬೇರೆ, ಒಂದೇ ಸಲ ಬರುವ ಗಂಟಿನ ಗುಣವೇ ಬೇರೆ. ಕೀನ್ಯಾದ ರಾರಿಯೆಡಾ ಎಂಬಲ್ಲಿ 2011ರಿಂದ ಬಡ ಕುಟುಂಬಗಳಿಗೆ ನೇರವಾಗಿ ಹಣ ಕೊಟ್ಟು ನೋಡಿದರು. ಕೆಲವರಿಗೆ ತಿಂಗಳ ಕಂತು, ಕೆಲವರಿಗೆ ಇಡುಗಂಟು. ಕಂತು ಪಡೆದವರ ಮನೆಯಲ್ಲಿ ಊಟಕ್ಕೆ ತೊಂದರೆ ಕಡಿಮೆಯಾಯಿತು. ಇಡುಗಂಟು ಪಡೆದವರು ಹುಲ್ಲಿನ ಸೂರು ತೆಗೆದು ತಗಡು ಹೊದಿಸುವಂಥ, ಬಾಳಿಕೆ ಬರುವ ವಸ್ತುಗಳಿಗೆ ಹೆಚ್ಚು ಹಾಕಿದರು. ನಮ್ಮಲ್ಲೂ ಅಷ್ಟೇ: ಎರಡು ಸಾವಿರ ಬಂದರೆ ದಿನಸಿ ಅಂಗಡಿಯ ಬಾಕಿ, ಮಾತ್ರೆ, ಮಕ್ಕಳ ಪುಸ್ತಕ ಎಂದು ವಾರದಲ್ಲಿ ಕರಗುತ್ತದೆ. ಅದೇನು ದಂಡದ ಖರ್ಚಲ್ಲ, ಆದರೆ ಅದರಿಂದ ಕಸುಬು ಕಟ್ಟಲಾಗದು. ಕಂತನ್ನು ಗಂಟು ಮಾಡಿಕೊಂಡಾಗ ಮಾತ್ರ ಕಸುಬಿನ ಮಾತು. ('ಪುಗಸಟ್ಟೆ ದುಡ್ಡು ಕುಡಿತಕ್ಕೆ ಹೋಗುತ್ತೆ' ಎಂಬ ಅರಳಿಕಟ್ಟೆ ಮಾತಿಗೆ ಆಧಾರವಿಲ್ಲ. ಹಲವು ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ ವಿಶ್ವಬ್ಯಾಂಕಿನ ಸಂಶೋಧಕರು 2014ರಲ್ಲೇ ನೋಡಿದ್ದಾರೆ. ನಗದು ಕೊಟ್ಟರೆ ಹೆಂಡ, ಹೊಗೆಸೊಪ್ಪಿನ ಖರ್ಚು ಏರುತ್ತದೆ ಎನ್ನುವುದು ಸಾಬೀತಾಗಲಿಲ್ಲ.)

ಗಂಟು ಮಾಡಲು, ಬ್ಯಾಂಕಿನಲ್ಲೋ ಅಂಚೆಯಲ್ಲೋ ತಿಂಗಳು ತಿಂಗಳು ಇಂತಿಷ್ಟೆಂದು ಕಟ್ಟುವ ಆರ್‌ಡಿ ಒಳ್ಳೆಯದೇ, ಆದರೆ ಗೃಹಲಕ್ಷ್ಮಿ ತಾರೀಖಿಗೆ ಸರಿಯಾಗಿ ಬರುವುದಿಲ್ಲ. ಎರಡು ತಿಂಗಳು ತಡವಾಗಿ ಆಮೇಲೆ ಒಟ್ಟಿಗೆ ಬಿದ್ದರೆ ಆರ್‌ಡಿ ಕಂತು ತಪ್ಪಿ ದಂಡ ಬೀಳುತ್ತದೆ. ಅಂಚೆ ಕಚೇರಿಯ ಆರ್‌ಡಿ ಐದು ವರ್ಷದ್ದು, ಒಂದು ವರ್ಷದ ಯೋಜನೆಗೆ ಹೊಂದುವುದಿಲ್ಲ. ಪುಸ್ತಕ ಸರಿಯಾಗಿ ಬರೆಯುವ ಸ್ತ್ರೀಶಕ್ತಿ ಅಥವಾ ಸಂಜೀವಿನಿ ಸಂಘ ಇದ್ದರೆ ಅಲ್ಲಿ, ಇಲ್ಲದಿದ್ದರೆ ಹಣ ಬೀಳುವ ಖಾತೆಯಲ್ಲೇ ಬಿಡಿ. ಊರ ಚೀಟಿ ಬೇಡ. ಚೀಟಿ ಎತ್ತಿದವರು ಊರು ಬಿಟ್ಟರೆ ಕೇಳುವುದಕ್ಕೆ ಒಂದು ಕಾಗದವೂ ಇರುವುದಿಲ್ಲ.

ಖಾತೆಯಲ್ಲೇ ಬಿಡುವುದಾದರೆ ಮೂರು ಕಡೆ ಕಣ್ಣಿಡಿ. ಮೊದಲನೆಯದು, ಖಾತೆಗೆ ಆಧಾರ್ ಜೋಡಿಸುವುದು ಬೇರೆ, ಎನ್‌ಪಿಸಿಐ ಮ್ಯಾಪಿಂಗ್, ಅಂದರೆ ಸರ್ಕಾರದ ಹಣ ಯಾವ ಬ್ಯಾಂಕಿಗೆ ಹೋಗಬೇಕೆಂಬ ಗುರುತು, ಬೇರೆ. ಕೊನೆಯ ಸಲ ಯಾವ ಬ್ಯಾಂಕಿನಲ್ಲಿ ಮ್ಯಾಪ್ ಆಗಿದೆಯೋ ಹಣ ಅಲ್ಲಿಗೇ ಹೋಗುತ್ತದೆ. ಸಂಘದ ಸಾಲಕ್ಕೆಂದು ಹೊಸ ಖಾತೆ ತೆರೆದಾಗ ಮ್ಯಾಪಿಂಗ್ ಅತ್ತ ಸರಿದಿರಬಹುದು. 'ಹಣ ನಿಂತುಹೋಯಿತು' ಎಂದು ಅಂಗನವಾಡಿಗೂ ಪಂಚಾಯಿತಿಗೂ ಅಲೆಯುವ ಮೊದಲು ಡಿಬಿಟಿ ಕರ್ನಾಟಕ ಆ್ಯಪಿನಲ್ಲಿ ಯಾವ ಬ್ಯಾಂಕಿಗೆ ಬಿದ್ದಿದೆ ನೋಡಿ. ಎರಡನೆಯದು, ಮೇ ಕೊನೆಯಲ್ಲಿ ಪ್ರಧಾನಮಂತ್ರಿ ವಿಮೆಗಳಿಗೆ ಸೇರಿದ್ದರೆ ₹436 ಮತ್ತು ₹20 ತಾನಾಗಿ ಕಡಿತವಾಗುತ್ತದೆ. ವಿಮೆ ಇರಲಿ, ಕಡಿತ ಗೊತ್ತಿರಲಿ. ಮೂರನೆಯದು ಬೆರಳೊತ್ತು. ಹೆಬ್ಬೆಟ್ಟಿನ ಯಂತ್ರದಲ್ಲಿ ಹಣ ತೆಗೆಯುವಾಗ 'ಫೇಲ್ ಆಯ್ತು, ಇನ್ನೊಂದ್ಸಲ ಇಡಿ' ಎಂದರೆ ಮೊದಲು ಚೀಟಿ ಕೇಳಿ, ಬ್ಯಾಲೆನ್ಸ್ ನೋಡಿ, ಆಮೇಲೆ ಬೆರಳಿಡಿ.

ಈಗ ಮೇಕೆ. ಬೆಲೆ ಸಂತೆಗೊಂದು, ವಾರಕ್ಕೊಂದು. ಲೆಕ್ಕಕ್ಕೆ ₹8,000 ಎಂದಿಟ್ಟುಕೊಳ್ಳೋಣ. ಉಳಿದ ₹4,000 ಕೈಯಲ್ಲಿರಲಿ. ₹12,000ಕ್ಕೆ ಎರಡು ತಂದರೆ ಎರಡೂ ಸಣಕಲು ಮೇಕೆಗಳಾಗಿರುತ್ತವೆ, ಔಷಧಿಗೆ ದುಡ್ಡಿರುವುದಿಲ್ಲ. ಎಷ್ಟೋ ಮನೆಗಳಲ್ಲಿ ಮೇಕೆ ಸಾಯುವುದು ರೋಗದಿಂದ ಅಲ್ಲ, ರೋಗ ಬಂದ ದಿನ ಕೈಯಲ್ಲಿ ಐನೂರು ರೂಪಾಯಿ ಇಲ್ಲದ್ದರಿಂದ.

ದಲ್ಲಾಳಿ 'ಗಬ್ಬದ ಮೇಕೆ' ಎಂದು ಹೊಟ್ಟೆ ತೋರಿಸುತ್ತಾನೆ. ಹೊಟ್ಟೆಯನ್ನು ನಂಬಬೇಡಿ, ಬೆಳಿಗ್ಗೆ ಹೊಟ್ಟೆ ತುಂಬ ನೀರು ಕುಡಿಸಿ ತಂದಿದ್ದರೂ ಹಾಗೇ ಕಾಣುತ್ತದೆ. ವಯಸ್ಸು ತಿಳಿಯಲು ಕೆಳದವಡೆಯ ಮುಂದಿನ ಹಲ್ಲು ನೋಡಿ. ನಡುವೆ ಎರಡು ಅಗಲ ಹಲ್ಲು ಬಂದಿದ್ದರೆ ಒಂದು, ಒಂದೂವರೆ ವರ್ಷ. ನಾಲ್ಕಾಗಿದ್ದರೆ ಸುಮಾರು ಎರಡು. ಈ ಎರಡರಲ್ಲೊಂದನ್ನು ಆರಿಸಿ. ಎಂಟೂ ಹಲ್ಲು ಕೂಡಿ ಸವೆದಿದ್ದರೆ ಬಿಡಿ. ಕೆಚ್ಚಲು ಮುಟ್ಟಿ ನೋಡಿ, ಗಂಟು ಇರಬಾರದು, ಎರಡೂ ಮೊಲೆ ತೆರೆದಿರಬೇಕು. ಬಾಲ ಎತ್ತಿ ನೋಡಿ, ಹಿಂಭಾಗ ಭೇದಿಯಿಂದ ಅಂಟಂಟಾಗಿರಬಾರದು. ಕೆಳರೆಪ್ಪೆ ಎಳೆದಾಗ ಒಳಗೆ ಕೆಂಪಗಿರಬೇಕು. ಬಿಳಿಚಿಕೊಂಡಿದ್ದರೆ ಹೊಟ್ಟೆಯಲ್ಲಿ ಜಂತು ತುಂಬಿದೆ ಎಂದೇ ಲೆಕ್ಕ. ಸಾಧ್ಯವಿದ್ದರೆ ಸಂತೆಗಿಂತ ಅಕ್ಕಪಕ್ಕದ ಊರಿನ ಗೊತ್ತಿದ್ದವರ ಮನೆಯಿಂದ ತನ್ನಿ. ನೂರು ಊರಿನ ರೋಗ ಸಂತೆಯಲ್ಲಿ ಸೇರಿರುತ್ತದೆ.

ತಂದ ಮೇಲೆ ಮೂರು ವಾರ ಬೇರೆಯವರ ಮೇಕೆಗಳ ಜೊತೆ ಬಿಡಬೇಡಿ. ಪಶು ಆಸ್ಪತ್ರೆಯಲ್ಲಿ ಜಂತಿನ ಔಷಧಿ ಕುಡಿಸಿ. ಗಬ್ಬವಿದ್ದರೆ ಮೊದಲೇ ಹೇಳಿ, ಎಲ್ಲ ಔಷಧಿಯೂ ಗಬ್ಬಕ್ಕೆ ಆಗುವುದಿಲ್ಲ. ಎರಡು ಲಸಿಕೆ ತಪ್ಪಿಸಬೇಡಿ. ಕರುಳುಬೇನೆಗೆ ಪ್ರತಿ ವರ್ಷ ಮುಂಗಾರಿನ ಮೊದಲು. ಮೊದಲ ಸಲವಾದರೆ ಎರಡು ವಾರ ಬಿಟ್ಟು ಇನ್ನೊಂದು. ಹಿರೇಬೇನೆಗೆ, ಅಂದರೆ ಪಿಪಿಆರ್‌ಗೆ, ಒಮ್ಮೆ ಹಾಕಿಸಿದರೆ ಸುಮಾರು ಮೂರು ವರ್ಷ ಚಿಂತೆಯಿಲ್ಲ.

ಮೇವು ದಿನಕ್ಕೆ ಮೂರು, ನಾಲ್ಕು ಕೆಜಿ ಹಸಿರು: ಅಗಸೆ, ಹಲಸು, ನುಗ್ಗೆ ಸೊಪ್ಪು. ಸೂಬಾಬುಲ್ ಕೊಡಬಹುದು, ಮೂರರಲ್ಲೊಂದು ಪಾಲಿಗಿಂತ ಹೆಚ್ಚಾದರೆ ಕೂದಲು ಉದುರುತ್ತದೆ. ಎಳೆ ಜೋಳದ ಪೈರು, ಕೊಯ್ದ ಮೇಲೆ ಚಿಗುರಿದ ಕೂಳೆ ವಿಷ, ಮುಟ್ಟಗೊಡಬೇಡಿ. ಮನೆಯೊಳಗೇ ಇರುವ ಅಪಾಯ ರೇಷನ್ ಅಕ್ಕಿ. ಮೂಟೆಗೆ ಬಾಯಿ ಹಾಕಿ ಒಂದೆರಡು ಸೇರು ತಿಂದ ಮೇಕೆ ಸಂಜೆಗೆ ಹೊಟ್ಟೆ ಹುಳಿಯಾಗಿ ಮಲಗುತ್ತದೆ, ಹಲ್ಲು ಕಡಿಯುತ್ತದೆ, ಬೆಳಗಾಗುವಷ್ಟರಲ್ಲಿ ಸತ್ತಿರಬಹುದು. ಮಿಕ್ಕ ಅನ್ನವನ್ನು ಕಲಗಚ್ಚಿಗೆ ಸುರಿದು ಕುಡಿಸಿದರೂ ಇದೇ ಪಾಡು. ಅಕ್ಕಿ ತಿಂದದ್ದು ಗೊತ್ತಾದ ಕೂಡಲೇ ನೀರು ತಪ್ಪಿಸಿ, ವೈದ್ಯರಿಗೆ ಫೋನ್ ಮಾಡಿ.

ಅಕಸ್ಮಾತ್ ಸತ್ತರೆ ತಕ್ಷಣ ಹೂಳಬೇಡಿ. ಅನುಗ್ರಹ ಯೋಜನೆಯ ಪರಿಹಾರಕ್ಕೆ ಪಶುವೈದ್ಯರ ಮರಣೋತ್ತರ ಪರೀಕ್ಷೆ ಬೇಕು. ವಿಮೆ ಮಾಡಿಸಿದ್ದರೆ ಕಿವಿಯೋಲೆಯನ್ನೂ ಕಿತ್ತು ಬಿಸಾಡಬೇಡಿ.

ಹಣ ಯಾವಾಗ ಕೈಗೆ? ಮೇಕೆಯ ಗಬ್ಬ ಐದು ತಿಂಗಳು. ಮೂರು ತಿಂಗಳ ಗಬ್ಬದ್ದನ್ನು ತಂದರೆ ಎರಡು ತಿಂಗಳಿಗೆ ಮರಿ, ಆ ಮರಿ ಮಾರುವಂತಾಗಲು ಇನ್ನೂ ಎಂಟು, ಒಂಬತ್ತು ತಿಂಗಳು. ಮೊದಲ ರೂಪಾಯಿ ಕಾಣಲು ಹತ್ತಿರ ಹತ್ತಿರ ಒಂದು ವರ್ಷ. 'ಎರಡನೇ ಮೇಕೆಗೆ ಫೈನಾನ್ಸ್‌ನಿಂದ ಸಾಲ ತಗೊಳ್ಳಲಾ?' ಎಂದು ಕೇಳುವವರಿಗೆ ಬೇಡ ಎನ್ನುವುದು ಇದಕ್ಕೇ. ವಾರದ ಕಂತು ಮುಂದಿನ ವಾರವೇ ಶುರು, ಮೇಕೆ ಮಾತ್ರ ತನ್ನ ಲೆಕ್ಕದಲ್ಲೇ ಈಯುತ್ತದೆ. ಕೊನೆಗೆ ಕಂತು ಕಟ್ಟಲು ಗಬ್ಬದ ಮೇಕೆಯನ್ನೇ ಮಾರಬೇಕಾಗುತ್ತದೆ. ಎರಡನೆಯದು ಬೇಕೆಂದರೆ ನಾಲ್ಕೈದು ಕಂತು ಕೂಡಿದ ಮೇಲೆ ತನ್ನಿ, ಇಲ್ಲವೇ ಮೊದಲ ಈತಿನ ಹೆಣ್ಣುಮರಿಯನ್ನೇ ಉಳಿಸಿಕೊಳ್ಳಿ.

ಮಾರುವುದು ಗಂಡುಮರಿ. ಕೊಳ್ಳುವವರು ಮನೆ ಬಾಗಿಲಿಗೆ ಬಂದು ಬೆನ್ನು ಹಿಡಿದು ನೋಡಿ 'ಹದಿನೈದು ಕೆಜಿ ಬರಬಹುದು' ಎನ್ನುತ್ತಾರೆ. ಒಂದು ತೂಗುಕೊಕ್ಕೆ ಇಟ್ಟುಕೊಂಡು, ಮರಿಯನ್ನು ಗೋಣಿಯ ಜೋಲಿಯಲ್ಲಿ ಕೂರಿಸಿ ನೀವೇ ತೂಗಿ, ಜೀವ ತೂಕದ ಮೇಲೆ ಮಾತಾಡಿ. ಹಳೆ ಮೈಸೂರು ಕಡೆ ಯುಗಾದಿ ಮರುದಿನದ ಹೊಸತೊಡಕಿಗೆ, ಊರ ಮಾರಿಹಬ್ಬಕ್ಕೆ ಎಂಟು, ಒಂಬತ್ತು ತಿಂಗಳ ಮರಿ ಸಾಕು. ಬಕ್ರೀದಿಗೆ ಮಾರುವುದಾದರೆ ಮರಿಗೆ ವರ್ಷ ತುಂಬಿರಬೇಕು, ಕೊಂಬು ಮುರಿದಿರಬಾರದು, ಕಿವಿ ಹರಿದಿರಬಾರದು, ಕುಂಟಬಾರದು. ಒಳ್ಳೆ ಗಂಡುಮರಿ ಹುಟ್ಟಿದ್ದರೆ ಅಂದೇ ಕ್ಯಾಲೆಂಡರ್ ತೆಗೆದು ಆ ಹಬ್ಬಕ್ಕೆ ಎಷ್ಟು ತಿಂಗಳಿದೆ ಎಣಿಸಿ ನೋಡಿ.